ಒಂದು ತಂಬಿಗೆ ನೀರಿನ ಹೂದೋಟ

(ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಕನ್ನಡ ಶಾಲೆಯ ಅಂಗಳದಲ್ಲಿ ಹೋಳಿ ಹುಣ್ಣಿಮೆ ಮುಗಿದ ವಾರ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಗೆ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ಶರಣು.

ಈ ಮೇಜಿನ ಮೇಲೆ ಇರುವ ಡಬಗಳ್ಳಿಯ, ಅಂದರೆ ಪಾಪಾಸುಕಳ್ಳಿಯ, ಮಣ್ಣಿನ ಕುಂಡವನ್ನು ನಮ್ಮ ಮನೆಯಿಂದಲೇ ಹೊತ್ತು ತಂದಿದ್ದೇನೆ. ಬಾಗಿಲಲ್ಲಿ ನನ್ನನ್ನು ಕಂಡ ಹಿರಿಯರೊಬ್ಬರು ಕೇಳಿದರು, 'ಅಕ್ಕಾರ, ಡಬಗಳ್ಳಿ ಬೇಲಿಗಿ ಹಚ್ತಾರ್ರಿ, ಮನಿಯಾಗ ಯಾರರ ಇಡ್ತಾರೇನ್ರಿ?' ಆ ಪ್ರಶ್ನೆಗೆ ಉತ್ತರ ಕೊಡಲಿಕ್ಕೇ ನಾನು ಬಂದಿರುವುದು.

ನಮ್ಮ ತಾಲ್ಲೂಕು ಸಹ್ಯಾದ್ರಿಯ ಮಳೆನೆರಳಿನಲ್ಲಿದೆ. ಮ್ಹೈಸಾಳ ಏತ ನೀರಾವರಿ ಕೆಲವು ಊರುಗಳಿಗೆ ಬಂದಿದೆ; ದ್ರಾಕ್ಷಿ, ದಾಳಿಂಬೆ ಬೆಳೆಯುವವರ ಕೈ ಸ್ವಲ್ಪ ಹಸಿಯಾಗಿದೆ. ಆದರೆ ಬೇಸಿಗೆಯಲ್ಲಿ ಟ್ಯಾಂಕರಿನ ಹಾರ್ನ್ ಕೇಳಿದರೆ ಕೊಡ ಹಿಡಿದು ಓಡುವ ಓಣಿಗಳು ಇನ್ನೂ ಇವೆ. ನಾನು ಅಂಥದೇ ಓಣಿಯವಳು. ಶಾಲೆಯ ನೌಕರಿ ಸಿಕ್ಕ ಹೊಸದರಲ್ಲಿ ಮಿರಜದ ಸಂತೆಯಿಂದ ಗುಲಾಬಿ ತಂದು ಹಚ್ಚಿದ್ದೆ. ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು, ಮುಖ ತೊಳೆದ ನೀರು ಎಲ್ಲವನ್ನೂ ಅದಕ್ಕೇ ಸುರಿಯುತ್ತಿದ್ದೆ. ಯುಗಾದಿಗೆ ಮೊಗ್ಗು, ಬಸವ ಜಯಂತಿಗೆ ಬಾಡಿದ ಎಲೆ, ಕಾರಹುಣ್ಣಿಮೆ ಹೊತ್ತಿಗೆ ಒಣಕಡ್ಡಿ. ಇಡೀ ಓಣಿಯಲ್ಲಿ ಹೀಗೇ. ಹೂವು ಬೇಕೆನ್ನುವ ಆಸೆಗೇ ನಾಚಿಕೊಳ್ಳಬೇಕಾದ ಊರುಗಳು ನಮ್ಮವು. ಕುಡಿಯಲು ನೀರಿಲ್ಲದಾಗ ಗಿಡಕ್ಕೆ ಹಾಕುತ್ತೀಯಾ ಎಂದು ಅತ್ತೆ ಕೇಳಿದರೆ ಸೊಸೆ ಏನು ಹೇಳಿಯಾಳು?

ಒಂದು ಮೇ ತಿಂಗಳಲ್ಲಿ, ಊರ ಹೊರಗಿನ ಬಿದ್ದ ಗೋಡೆಯ ಮೇಲೆ, ಯಾರೂ ಒಂದು ಹನಿ ನೀರು ಹಾಕದ ಡಬಗಳ್ಳಿ ಲಿಂಬೆಹಳದಿ ಹೂ ಬಿಟ್ಟು ನಿಂತಿತ್ತು. ಒಂದೊಂದು ಹೂವು ಅಂಗೈಯಷ್ಟು. ರೇಷ್ಮೆಯಂಥ ಹೊಳಪು. ನಾನು ಅಲ್ಲೇ ನಿಂತುಬಿಟ್ಟೆ. ನೀರಿಲ್ಲದವರ ಅಂಗಳಕ್ಕೂ ಒಂದು ಹೂದೋಟ ಬೇಕು, ಅದಕ್ಕೆ ಒಗ್ಗುವ ಗಿಡ ಕಣ್ಣೆದುರೇ ಇದೆ ಎಂದು ನನಗೆ ಅವತ್ತು ತಿಳಿಯಿತು.

ಹೆಸರಿನಿಂದ ಶುರು ಮಾಡೋಣ. ನಾವು ಡಬಗಳ್ಳಿ ಅನ್ನುತ್ತೇವೆ. ಪುಸ್ತಕದ ಕನ್ನಡದಲ್ಲಿ ಪಾಪಾಸುಕಳ್ಳಿ. ಪಾಪಾಸು ಅಂದರೆ ಪಾದರಕ್ಷೆ, ಫಾರಸಿಯಿಂದ ಬಂದ ಮಾತು. ತಮಿಳರು ಸಪ್ಪಾತ್ತುಕ್ಕಳ್ಳಿ ಎಂದರು. ಸಪ್ಪಾತ್ತು ಅಂದರೂ ಬೂಟೇ, ಅದು ಪೋರ್ಚುಗೀಸರ ಮಾತು. ನಮ್ಮ ಮರಾಠಿ ನೆರೆಯವರು ಫಡ್ಯಾ ನಿವಡುಂಗ ಅನ್ನುತ್ತಾರೆ. ಫಡಾ ಎಂದರೆ ಹಾವಿನ ಹೆಡೆ. ತೆಲುಗರಿಗೂ ಅದು ನಾಗಜೆಮುಡು. ಒಂದೇ ಗಿಡ, ಇಬ್ಬರಿಗೆ ಚಪ್ಪಲಿಯಾಗಿ ಕಂಡಿತು, ಇಬ್ಬರಿಗೆ ಹೆಡೆಯಾಗಿ ಕಂಡಿತು. ಈ ಹೆಸರುಗಳಲ್ಲಿ ಹೊರನಾಡಿನ ಮಾತು ಸೇರಿಕೊಂಡಿರುವುದಕ್ಕೆ ಕಾರಣವಿದೆ. ಗಿಡವೇ ಹೊರಗಿನದು. ಪಾಪಾಸುಕಳ್ಳಿಯ ತವರು ಅಮೆರಿಕ ಖಂಡ. ಮೆಕ್ಸಿಕೊ ದೇಶದ ಬಾವುಟದ ನಡುವೆ ಹಾವು ಹಿಡಿದ ಹದ್ದು ಕೂತಿರುವುದು ಇದರ ಮೇಲೆಯೇ.

ನಮ್ಮ ನೆಲದ ಹಳೆಯ ಕಳ್ಳಿಗಳು ಬೇರೆ: ಕೊಂಬುಗಳ್ಳಿ, ಎಲೆಗಳ್ಳಿ. ಅವನ್ನು ಮುರಿದರೆ ಬಿಳಿ ಹಾಲು ಸುರಿಯುತ್ತದೆ. ಆ ಹಾಲು ಕಣ್ಣಿಗೆ ಬಿದ್ದರೆ ಬಹಳ ಕೆಟ್ಟದ್ದು. ಪಾಪಾಸುಕಳ್ಳಿ ಮುರಿದರೆ ಹಾಲಿಲ್ಲ, ಬೆಂಡೆಕಾಯಿಯಂಥ ಲೋಳೆ ಮಾತ್ರ. ಕಳ್ಳಿ ಎಂಬ ಒಂದೇ ಹೆಸರು ಇದ್ದ ಮಾತ್ರಕ್ಕೆ ಎರಡನ್ನೂ ಒಂದೇ ಅಂದುಕೊಂಡು ಹೆದರಬೇಡಿ. ಒಂದೇ ಅಂದುಕೊಂಡು ಬಾಯಿಗೂ ಹಾಕಬೇಡಿ.

ಇಲ್ಲಿ ಕೂತಿರುವ ಹಿರಿಯರಿಗೆ 1972ರ ಬರಗಾಲ ನೆನಪಿರುತ್ತದೆ. ನಾನು ಆಗ ಐದನೇ ಇಯತ್ತೆಯಲ್ಲಿದ್ದೆ. ನಮ್ಮವ್ವ ರಸ್ತೆಯ ಕೆಲಸಕ್ಕೆ ಖಡಿ ಒಡೆಯಲು ಹೋಗುತ್ತಿದ್ದಳು. ಅಲ್ಲಿ ಹಂಚುತ್ತಿದ್ದ ಸುಕಡಿ, ರೇಷನ್ನಿನ ಕೆಂಪು ಮಿಲೊ ಜೋಳ, ಇವು ನಮ್ಮ ಊಟ. ಮನೆಯ ಎರಡು ಎತ್ತು, ಒಂದು ಆಕಳಿಗೆ ಏನು ಹಾಕುವುದು? ಅಜ್ಜ ಬದುವಿನ ಡಬಗಳ್ಳಿಯನ್ನು ಕವಲುಗಟ್ಟಿಗೆಯಿಂದ ಹಿಡಿದು ಕೊಯ್ದು ತಂದು, ಕಸಕಡ್ಡಿ ಬೆಂಕಿಯ ಮೇಲೆ ಮುಳ್ಳು ಚಟಪಟ ಸಿಡಿಯುವವರೆಗೆ ಸುಡುತ್ತಿದ್ದ. ಸುಟ್ಟದ್ದನ್ನು ಸಣ್ಣಗೆ ಕತ್ತರಿಸಿ ಉಳಿದಿದ್ದ ಹಿಡಿ ಕಣಕಿಯ ಜೊತೆ ಕಲಸಿ ಮುಂದಿಡುತ್ತಿದ್ದ. 'ಬರೇ ಕಳ್ಳಿ ಹಾಕಿದ್ರ ದನ ಉಚ್ಕೋತಾವ, ಒಣ ಮೇವ ಇರಾಕsಬೇಕು' ಎನ್ನುತ್ತಿದ್ದ. ಇಂದಿನ ಪಶುತಜ್ಞರು ಹೇಳುವುದೂ ಅದೇ. ಈ ಗಿಡದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು, ಪ್ರೋಟೀನು ಕಡಿಮೆ. ಒಣಮೇವಿನ ಜೊತೆ ಕೊಟ್ಟಾಗಲೇ ದನಕ್ಕೆ ಒಗ್ಗುತ್ತದೆ. ನಮ್ಮ ಎರಡೂ ಎತ್ತು ಆ ವರ್ಷ ಉಳಿದವು. ಆಕಳು ಉಳಿಯಲಿಲ್ಲ.

ಈಗ ಮುಳ್ಳಿಲ್ಲದ ಜಾತಿಯನ್ನು ಮೇವಿಗೆಂದೇ ಬೆಳೆಸುತ್ತಿದ್ದಾರೆ. ಝಾನ್ಸಿಯ ಮೇವು ಸಂಶೋಧನಾ ಸಂಸ್ಥೆ, ಮಣಿಭಾಯಿ ದೇಸಾಯಿ ಅವರು 1967ರಲ್ಲಿ ಪುಣೆ ಹತ್ತಿರದ ಉರುಳಿ ಕಾಂಚನದಲ್ಲಿ ಕಟ್ಟಿದ ಬೈಫ್ ಸಂಸ್ಥೆ, ಇಂಥವರು ಇದರ ಮೇಲೆ ಕೆಲಸ ಮಾಡಿದ್ದಾರೆ. ಮಾಡಗ್ಯಾಳದ ಕುರಿ ಸಾಕುವವರು ಇಲ್ಲಿದ್ದರೆ ಆ ಕಡೆ ಒಮ್ಮೆ ವಿಚಾರಿಸಿ. ನನ್ನ ಮಾತು ಅಂಗಳದ್ದು, ಅಲ್ಲಿಗೇ ಮರಳುತ್ತೇನೆ.

ಕುಂಡದ ಹತ್ತಿರ ಬಂದು ನೋಡಿ. ಮುಟ್ಟಬೇಡಿ. ನಾವು ಎಲೆ ಎಂದು ಕರೆಯುವ ಈ ಚಪ್ಪಟೆ ಭಾಗ ಎಲೆಯಲ್ಲ, ಕಾಂಡ. ನಮ್ಮ ಮನೆಯಲ್ಲಿ ಹಲಗೆ ಎನ್ನುತ್ತೇವೆ, ಇವತ್ತು ಹಾಗೇ ಕರೆಯೋಣ. ನಿಜವಾದ ಎಲೆಗಳು ಎಳೆಯ ಹಲಗೆಯ ಮೇಲೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾಗಿ ಮೂಡಿ, ಕೆಲವು ವಾರಗಳಲ್ಲಿ ಉದುರಿಹೋಗುತ್ತವೆ. ಹಲಗೆಯ ಮೇಲೆ ಸಾಲಾಗಿ ಚುಕ್ಕಿಗಳಿವೆಯಲ್ಲ, ಅವು ಕಬ್ಬಿಗಿರುವಂತೆ ಕಣ್ಣು. ಮುಳ್ಳು, ಹೂವು, ಹೊಸ ಹಲಗೆ, ಮಣ್ಣು ತಾಗಿದರೆ ಬೇರು, ಎಲ್ಲವೂ ಹುಟ್ಟುವುದು ಆ ಕಣ್ಣಿನಿಂದ. ಉದ್ದನೆಯ ಮುಳ್ಳು ಕಣ್ಣಿಗೆ ಕಾಣುತ್ತದೆ, ಅದರಿಂದ ಅಷ್ಟು ಅಪಾಯವಿಲ್ಲ. ಅದರ ಬುಡದಲ್ಲಿ ಜೋಳದ ಸುಂಕಿನಂಥ ನವಿರು ಮುಳ್ಳಿನ ಕುಚ್ಚು ಇರುತ್ತದೆ. ಅದಕ್ಕೆ ಹಿಮ್ಮುಖವಾದ ಸಣ್ಣ ಕೊಕ್ಕೆಗಳಿವೆ. ಸವರಿದರೆ ಸಾಕು, ನೂರಾರು ಚರ್ಮದಲ್ಲಿ ಕೂತುಬಿಡುತ್ತವೆ. ಮುಳ್ಳಿಲ್ಲದ ಜಾತಿಯೆಂದು ಮಾರುವ ಗಿಡದಲ್ಲಿಯೂ ಈ ಸುಂಕು ಸ್ವಲ್ಪ ಇರುತ್ತದೆ. ಆದ್ದರಿಂದ ಹಲಗೆಯನ್ನು ಇಕ್ಕಳದಿಂದ, ಇಲ್ಲವೇ ನಾಲ್ಕು ಮಡಿಕೆ ಮಾಡಿದ ಹಳೆಯ ಪೇಪರಿನಿಂದ ಹಿಡಿಯಿರಿ. ಬಟ್ಟೆಯಿಂದ ಹಿಡಿದರೆ ಸುಂಕು ಬಟ್ಟೆಯಲ್ಲೇ ಉಳಿದು ಮಾರನೆಯ ದಿನ ಇನ್ನೊಬ್ಬರಿಗೆ ಚುಚ್ಚುತ್ತದೆ. ಚುಚ್ಚಿಕೊಂಡರೆ ತಿಕ್ಕಬೇಡಿ, ಬಾಯಿಂದ ಎಳೆಯಬೇಡಿ. ಚಿಮಟಿಗೆಯಿಂದ ಸಿಕ್ಕಷ್ಟು ತೆಗೆದು, ಉಳಿದದ್ದರ ಮೇಲೆ ಫೆವಿಕಾಲ್ ಸವರಿ, ಪೂರ್ತಿ ಒಣಗಿದ ಮೇಲೆ ಪೊರೆಯಂತೆ ಸುಲಿಯಿರಿ. ಬಹಳಷ್ಟು ಅದರ ಜೊತೆ ಬರುತ್ತವೆ.

ಈ ಗಿಡ ಇಷ್ಟು ಕಡಿಮೆ ನೀರಿನಲ್ಲಿ ಹೇಗೆ ಬದುಕುತ್ತದೆ ಎಂಬುದು ನನಗೆ ಇಂದಿಗೂ ಬೆರಗು. ಉಳಿದ ಗಿಡಗಳು ಹಗಲು ತಮ್ಮ ಸಣ್ಣ ರಂಧ್ರಗಳನ್ನು ತೆರೆದು ಗಾಳಿ ಎಳೆದುಕೊಳ್ಳುತ್ತವೆ, ಆಗಲೇ ಅವುಗಳೊಳಗಿನ ನೀರು ಆವಿಯಾಗಿ ಹೋಗುತ್ತದೆ. ಪಾಪಾಸುಕಳ್ಳಿ ಹಗಲೆಲ್ಲ ಬಾಗಿಲು ಮುಚ್ಚಿಕೊಂಡಿರುತ್ತದೆ. ರಾತ್ರಿ ತಂಪಾದ ಮೇಲೆ ತೆರೆದು, ಒಳಬಂದ ಇಂಗಾಲದ ಡೈಆಕ್ಸೈಡನ್ನು ಹುಳಿಯ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಸೇಬುಹಣ್ಣಿನಲ್ಲಿರುವಂಥದೇ ಹುಳಿ ಅದು. ಬೆಳಗಾದ ಮೇಲೆ ಬಾಗಿಲು ಹಾಕಿ, ಆ ಹುಳಿಯನ್ನು ಕರಗಿಸಿ, ಬಿಸಿಲಿನಲ್ಲಿ ತನ್ನ ಅನ್ನ ಮಾಡಿಕೊಳ್ಳುತ್ತದೆ. ಅದಕ್ಕೇ ನಸುಕಿನಲ್ಲಿ ಕಿತ್ತ ಎಳೆ ಹಲಗೆ ಹುಳಿ, ಸಂಜೆ ಕಿತ್ತದ್ದು ಸಪ್ಪೆ.

ಈಗ ಹಚ್ಚುವ ವಿಷಯ. ಒಂದು ವರ್ಷ ಬಲಿತ, ಅಂಗೈಗಿಂತ ದೊಡ್ಡದಾದ, ಗಟ್ಟಿ ಹಲಗೆ ಆರಿಸಿ. ತೀರ ಎಳೆಯದು ಕೊಳೆಯುತ್ತದೆ, ಬುಡದ ಮುದಿ ಹಲಗೆ ತಡಮಾಡುತ್ತದೆ. ಎರಡು ಹಲಗೆ ಕೂಡುವ ಸಂದಿನಲ್ಲಿ ತೊಳೆದ ಚಾಕುವಿನಿಂದ ಕತ್ತರಿಸಿ. ಕೂಡಲೇ ಮಣ್ಣಿಗೆ ಹಾಕಬೇಡಿ. ಬಹುಪಾಲು ಜನ ಎಡವುವುದು ಇಲ್ಲೇ, ನಾನೂ ಮೊದಲ ಮೂರು ಹಲಗೆಗಳನ್ನು ಹೀಗೇ ಕೊಳೆಸಿದೆ. ನೆರಳಿನಲ್ಲಿ ಗೋಡೆಗೆ ಆನಿಸಿ ಹತ್ತರಿಂದ ಹದಿನೈದು ದಿನ ಬಿಡಿ. ಕತ್ತರಿಸಿದ ಗಾಯ ಆರಿದ ರೊಟ್ಟಿಯ ಅಂಚಿನ ಹಾಗೆ ಬಿರುಸಾಗಬೇಕು. ಬೆರಳಿಟ್ಟರೆ ತೇವ ಹತ್ತಬಾರದು.

ನಮ್ಮ ಎರೆಮಣ್ಣು ಜೋಳಕ್ಕೆ ಬಂಗಾರ, ಕುಂಡದ ಕಳ್ಳಿಗೆ ವಿಷ. ಅದು ನೀರನ್ನು ವಾರಗಟ್ಟಲೆ ಹಿಡಿದಿಡುತ್ತದೆ. ಗುಡ್ಡದ ಗರಸು ಎರಡು ಪಾಲು, ಹೊಲದ ಮಣ್ಣು ಒಂದು ಪಾಲು, ಪೂರ್ತಿ ಕಳಿತ ಸಗಣಿಗೊಬ್ಬರ ಒಂದು ಹಿಡಿ. ದಪ್ಪ ಮರಳು ಸಿಕ್ಕರೆ ಅದನ್ನೂ ಸೇರಿಸಿ. ಕುಂಡ ಆಳಕ್ಕಿಂತ ಅಗಲವಾಗಿರಲಿ, ಏಕೆಂದರೆ ಇದರ ಬೇರು ಕೆಳಕ್ಕಿಳಿಯುವುದಕ್ಕಿಂತ ಮೇಲ್ಮಣ್ಣಿನಲ್ಲೇ ಹರಡುವುದು ಹೆಚ್ಚು. ಸುಟ್ಟ ಮಣ್ಣಿನ ಕುಂಡವಾದರೆ ಅದರ ಮೈ ತೇವವನ್ನು ಹೊರಗೆ ಬಿಡುತ್ತದೆ. ಎಣ್ಣೆ ಡಬ್ಬಿಯೂ ನಡೆಯುತ್ತದೆ, ತಳದಲ್ಲಿ ನಾಲ್ಕಾರು ತೂತು ಬೇಕು, ಅದರ ಮೇಲೆ ಹಂಚಿನ ಚೂರು. ಹಲಗೆಯ ಮೂರನೇ ಒಂದು ಭಾಗ ಮಾತ್ರ ಮಣ್ಣಿನೊಳಗೆ ಹೋಗಲಿ. ಅಲುಗಾಡಿದರೆ ಎರಡೂ ಕಡೆ ಕಲ್ಲು ಇಡಿ. ಅಗಲದ ಮುಖಗಳು ಮೂಡಲಿಗೂ ಪಡುವಲಿಗೂ ತಿರುಗಿರಲಿ, ಬೆಳಗಿನ ಮತ್ತು ಸಂಜೆಯ ಬಿಸಿಲು ಎರಡೂ ಸಿಗುತ್ತವೆ. ಹೊಲದಲ್ಲಿ ಹಚ್ಚುವವರಿಗೂ ಇದೇ ಮಾತು.

ಆಮೇಲೆ ನೀರು ಹಾಕಬೇಡಿ. ಎರಡು ವಾರ ಹಾಕಬೇಡಿ. ಬೇರೇ ಇಲ್ಲದ ಹಲಗೆಗೆ ನೀರು ಕುಡಿಯಲು ಬಾಯಿಲ್ಲ, ನೀವು ಹಾಕಿದ್ದು ಗಾಯಕ್ಕೆ ಇಳಿಯುತ್ತದೆ. ಬೇರು ಬಿಟ್ಟ ಮೇಲೆ ಬೇಸಿಗೆಯಲ್ಲಿ ಹತ್ತು ಹನ್ನೆರಡು ದಿನಕ್ಕೆ ಒಂದು ತಂಬಿಗೆ, ಚಳಿಗಾಲದಲ್ಲಿ ತಿಂಗಳಿಗೆ ಒಂದು ತಂಬಿಗೆ, ಮಳೆ ಬರುವಾಗ ಏನೂ ಇಲ್ಲ. ಗಿಡ ತನ್ನ ಬಾಯಾರಿಕೆಯನ್ನು ತಾನೇ ತೋರಿಸುತ್ತದೆ: ಹಲಗೆ ತೆಳ್ಳಗಾಗಿ ಸುಕ್ಕುಗಟ್ಟಿದರೆ ನೀರು ಕೊಡಿ, ಮಾರನೆಯ ವಾರ ಮತ್ತೆ ಉಬ್ಬಿಕೊಳ್ಳುತ್ತದೆ. ಬುಡ ಕಂದಾಗಿ ಮೆತ್ತಗಾದರೆ ಅದು ನೀರು ಹೆಚ್ಚಾದ ಕೊಳೆತ. ಆಗ ಮೇಲಿನ ಆರೋಗ್ಯದ ಹಲಗೆ ಕತ್ತರಿಸಿ ಒಣಗಿಸಿ ಮೊದಲಿನಿಂದ ಶುರು ಮಾಡಬೇಕು. ನೆರಳಿನಲ್ಲಿಟ್ಟರೆ ಹೊಸ ಹಲಗೆಗಳು ಇಲಿಯ ಬಾಲದ ಹಾಗೆ ಸಣಕಲಾಗಿ ಉದ್ದಕ್ಕೆ ಬೆಳೆಯುತ್ತವೆ. ದಿನಕ್ಕೆ ಆರು ತಾಸು ಬಿಸಿಲು ಬೇಕೇ ಬೇಕು. ಮಾಳಿಗೆಯ ಮೇಲೆ ಇಡಿ. ನನ್ನ ಅಕ್ಕನ ಮಗಳನ್ನು ಕಾಸರಗೋಡಿಗೆ ಕೊಟ್ಟಿದ್ದೇವೆ. ಅಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ. ಅವಳು ಜೂನ್ ಬಂತೆಂದರೆ ಕುಂಡಗಳನ್ನು ಸೂರಿನ ಕೆಳಗೆ ಎಳೆದುಕೊಂಡು ನವರಾತ್ರಿಯವರೆಗೆ ಒಂದು ಹನಿಯೂ ತಾಗಿಸುವುದಿಲ್ಲ. ನಮಗೆ ಆ ಕಷ್ಟವಿಲ್ಲ. ಈ ಒಂದು ವಿಷಯದಲ್ಲಿ ನಮ್ಮ ಬರದ ನೆಲವೇ ಮೇಲು.

ಗಿಡದ ಮೇಲೆ ಬಿಳಿ ಹತ್ತಿಯಂಥದು ಕಂಡರೆ ಒಂದು ಕಡ್ಡಿಯಿಂದ ಅದನ್ನು ಒತ್ತಿ ನೋಡಿ. ಕಡುಕೆಂಪು ಬಣ್ಣ ಬಂದರೆ ಅದು ಕಿರಮಂಜಿ ಹುಳದ ಜಾತಿ. ಈ ಹುಳದ ಹಿಂದೆ ದೊಡ್ಡ ಕಥೆಯಿದೆ. ಒಂದು ಕಾಲಕ್ಕೆ ಮೆಕ್ಸಿಕೊದ ಕಿರಮಂಜಿ ಬಣ್ಣಕ್ಕೆ ಯುರೋಪಿನಲ್ಲಿ ಭಾರೀ ಬೆಲೆಯಿತ್ತು. ಅದನ್ನು ಇಲ್ಲೇ ತಯಾರಿಸಬೇಕೆಂದು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಜೇಮ್ಸ್ ಆಂಡರ್ಸನ್ ಮದರಾಸಿನ ಸೈದಾಪೇಟೆಯಲ್ಲಿ ಕಳ್ಳಿಯ ತೋಟವನ್ನೇ ಹಾಕಿದ. 1795ರಲ್ಲಿ ಬ್ರೆಜಿಲಿನಿಂದ ಕಲ್ಕತ್ತೆಗೆ ಹುಳ ಬಂತು. ಬಂದದ್ದು ಬೇರೆ ಜಾತಿಯ ಹುಳ! ಒಳ್ಳೆಯ ಬಣ್ಣ ಕೊಡಲಿಲ್ಲ, ಒಂದು ಜಾತಿಯ ಪಾಪಾಸುಕಳ್ಳಿಯನ್ನು ಮಾತ್ರ ತಿಂದು ಮುಗಿಸತೊಡಗಿತು. ಕೀಟದಿಂದ ಕಳೆ ಅಳಿಸುವ ವಿದ್ಯೆಗೆ ಲೋಕದಲ್ಲಿ ಇದೇ ಮೊದಲ ಉದಾಹರಣೆ ಎನ್ನುತ್ತಾರೆ. ಅದು ಮುಟ್ಟದ ಇನ್ನೊಂದು ಜಾತಿ, ನಮ್ಮ ಬೇಲಿಯ ಹಳದಿ ಹೂವಿನದು, ದಕ್ಷಿಣ ಭಾರತದ ಹೊಲಗಳನ್ನು, ನಾವು ಗಾಯರಾಣ ಎನ್ನುವ ಗೋಮಾಳಗಳನ್ನು ಆಕ್ರಮಿಸಿತು. ಅದಕ್ಕಾಗಿ 1926ರಲ್ಲಿ ಸಿಂಹಳದಿಂದ ಇನ್ನೊಂದು ಹುಳ ತಂದು ಬಿಟ್ಟರು. ಕೆಲವೇ ವರ್ಷಗಳಲ್ಲಿ ಸಾವಿರಾರು ಎಕರೆ ನೆಲ ಬಿಡುಗಡೆಯಾಯಿತು. ಅದೇ 1926ರಲ್ಲಿ ಆಸ್ಟ್ರೇಲಿಯಾದವರು ಅರ್ಜೆಂಟೀನಾದ ಒಂದು ಪತಂಗವನ್ನು ಬಿಟ್ಟು, ಇಂಗ್ಲೆಂಡಿಗಿಂತ ದೊಡ್ಡ ನೆಲವನ್ನು ಈ ಕಳ್ಳಿಯಿಂದ ಬಿಡಿಸಿಕೊಂಡರು. ಬೂನಾರ್ಗಾ ಎಂಬ ಊರಿನ ರೈತರು ಆ ಪತಂಗದ ಹೆಸರಿನಲ್ಲಿ 1936ರಲ್ಲಿ ಒಂದು ಸಭಾಭವನವನ್ನೇ ಕಟ್ಟಿದ್ದಾರೆ. ಹುಳುವಿಗೆ ಗುಡಿ ಕಟ್ಟಿದ ಹಾಗೆ.

ಈ ಕಥೆ ಹೇಳಿದ್ದು ಸುಮ್ಮನೆ ಅಲ್ಲ. ಕುಂಡದಲ್ಲಿ ಬೆಳೆಸಿ ಎಂದು ನಾನು ಕೈಮುಗಿದು ಹೇಳುವಷ್ಟೇ ಗಟ್ಟಿಯಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಕತ್ತರಿಸಿ ಬಿಸಾಡಿದ ಒಂದು ಹಲಗೆ ಸಾಕು, ಬಿದ್ದಲ್ಲೇ ಬೇರು ಬಿಡುತ್ತದೆ. ಕಾಯಿ ಬಿದ್ದರೂ ಕೆಲವೊಮ್ಮೆ ಅದರಿಂದಲೇ ಬೇರೊಡೆಯುತ್ತದೆ. ಹಕ್ಕಿಗಳು ಹಣ್ಣು ತಿಂದು ಬೀಜ ಒಯ್ಯುತ್ತವೆ. ಮುಳ್ಳಿಲ್ಲದ ಗಿಡದ ಬೀಜದಿಂದ ಮುಳ್ಳಿರುವ ಸಸಿ ಹುಟ್ಟಬಹುದು. ಆದ್ದರಿಂದ ಹೆಚ್ಚಾದ ಹಲಗೆಯನ್ನು ಹಳ್ಳಕ್ಕೆ, ಗಾಯರಾಣಕ್ಕೆ, ನೆರೆಯವರ ಬದುವಿಗೆ ಎಸೆಯಬೇಡಿ. ಚೂರು ಮಾಡಿ ಬಿಸಿಲಿನ ಬಂಡೆಯ ಮೇಲೆ ಪೂರ್ತಿ ಒಣಗಿಸಿ ಸುಡಿ, ಇಲ್ಲವೇ ದನಕ್ಕೆ ಹಾಕಿ. ಮಕ್ಕಳು ಓಡಾಡುವ ದಾರಿಯಲ್ಲಿ ಕುಂಡ ಇಡಬೇಡಿ. ಹುಳ ಬಿದ್ದರೆ ಹಳೆಯ ಬ್ರಶ್ಶು, ಸಾಬೂನಿನ ನೀರು ತೆಗೆದುಕೊಂಡು ತಿಕ್ಕಿ ತೊಳೆಯಿರಿ, ವಾರಕ್ಕೊಮ್ಮೆ ಮೂರು ನಾಲ್ಕು ಸಲ. ಕುಂಡದ ಗಿಡಕ್ಕೆ ಅಷ್ಟು ಸಾಕು.

ಹೂವಿನ ಮಾತು ಹೇಳದೆ ಮುಗಿಸಲಾರೆ. ಎರಡನೇ ಅಥವಾ ಮೂರನೇ ವರ್ಷ ಹಲಗೆಯ ಅಂಚಿನಲ್ಲಿ ಮೊಗ್ಗು ಬರುತ್ತದೆ. ಕುಂಡದಲ್ಲಿ ಇನ್ನೂ ತಡವಾಗಬಹುದು. ಚಳಿಗಾಲದಲ್ಲಿ ಒಣಗಿಸಿಟ್ಟ ಗಿಡ ಚೆನ್ನಾಗಿ ಹೂ ಬಿಡುತ್ತದೆ. ಬೆಳಿಗ್ಗೆ ಅರಳಿದ ಹೂವಿನ ನಡುವೆ ನೂರಾರು ಕೇಸರಗಳಿರುತ್ತವೆ. ಒಂದು ಕಸಬರಿಗೆ ಕಡ್ಡಿಯಿಂದ ಅವನ್ನು ಮೆಲ್ಲಗೆ ಮುಟ್ಟಿ. ಅವು ನಿಧಾನವಾಗಿ ಒಳಮುಖವಾಗಿ ಬಾಗುತ್ತವೆ, ಒಳಗೆ ಹೊಕ್ಕ ಜೇನುನೊಣದ ಮೈಗೆ ಪರಾಗ ಹತ್ತಲೆಂದು. ನಾನು ಶಾಲೆಯಲ್ಲಿ ವಿಜ್ಞಾನ ಕಲಿಸಿದ್ದು ಮೂವತ್ತು ವರ್ಷ. ಮುಟ್ಟಿದರೆ ಮುನಿ ಬಿಟ್ಟರೆ ಮಕ್ಕಳ ಕಣ್ಣು ಅಷ್ಟು ಅರಳಿದ್ದನ್ನು ನಾನು ನೋಡಿದ್ದು ಇದರ ಮುಂದೆಯೇ.

ಹಣ್ಣನ್ನು ನಾವೆಲ್ಲ ಸಣ್ಣವರಿದ್ದಾಗ ತಿಂದಿದ್ದೇವೆ. ಮಣ್ಣಿನಲ್ಲಿ ಉರುಳಿಸಿ, ಬೇವಿನ ತೊಪ್ಪಲಿನಿಂದ ತಿಕ್ಕಿ, ಸೀಳಿ, ಒಳಗಿನ ನಕ್ಷತ್ರಮುಳ್ಳು ತೆಗೆದು ತಿನ್ನಬೇಕೆಂದು ಆಯಿ ಹೇಳುತ್ತಿದ್ದಳು. ನಾಲಿಗೆ, ಹಲ್ಲು, ಲಂಗ ಎಲ್ಲ ಕೆಂಪು. ಬೀಟ್‌ರೂಟಿನಲ್ಲಿರುವ ಬಣ್ಣದ ಕುಲದ್ದೇ ಇದು. ಈಗ ನಾನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಯ ಮೇಲೆ ತಿರುಗಿಸಿ ಸುಂಕು ಸುಟ್ಟು, ತೊಳೆದು, ಸಿಪ್ಪೆ ಸುಲಿದು, ತಿರುಳನ್ನು ತೆಳುಬಟ್ಟೆಯಲ್ಲಿ ಎರಡು ಸಲ ಸೋಸುತ್ತೇನೆ. ಬೆಲ್ಲ, ಲಿಂಬೆರಸ, ಚಿಟಿಕೆ ಉಪ್ಪು. ಬೇಸಿಗೆಯಲ್ಲಿ ಮನೆಗೆ ಬಂದವರಿಗೆ ಕೊಡುವ ಪಾನಕ ಅದು.

ನಂತರ ಕೇಳಿದ ಪ್ರಶ್ನೆಗಳು:

'ಮುಳ್ಳಿನ ಗಿಡ ಮನಿ ಮುಂದ ಇದ್ರ ಜಗಳ ಆಗ್ತಾವಂತಾರಲ್ರಿ ಅಕ್ಕಾರ?'

ಗುಲಾಬಿಗೂ ಮುಳ್ಳಿದೆ, ಲಿಂಬೆಗೂ ಇದೆ, ಪತ್ರಿ ಗಿಡಕ್ಕೂ ಇದೆ. ಪತ್ರಿಯನ್ನು ಶಿವನಿಗೇ ಏರಿಸುತ್ತೇವಲ್ಲವ್ವ. ನಿಮ್ಮ ಮನಸ್ಸಿಗೆ ಅಳುಕಿದ್ದರೆ ಹಿತ್ತಲಿನಲ್ಲಿ ಇಡಿ, ಮಾಳಿಗೆಯ ಮೇಲೆ ಇಡಿ. ಬಿಸಿಲು ಅಲ್ಲಿಯೇ ಹೆಚ್ಚು.

'ಸಕ್ಕರಿ ರೋಗಕ್ಕ ಇದರ ರಸ ಕುಡದ್ರ ಗುಳಗಿ ಬಿಡಬಹುದಂತ, ಖರೇ ಏನ್ರಿ?'

ಗುಳಿಗೆ ಬಿಡಬೇಡಿ, ಕಾಕಾ. ಹಣ್ಣನ್ನು ಹಣ್ಣಾಗಿ ತಿನ್ನಿ. ಬಾಟಲಿಯಲ್ಲಿ ರಸ ತುಂಬಿ ಔಷಧವೆಂದು ಮಾರುವವರ ಮಾತಿಗೆ ಡಾಕ್ಟರು ಬರೆದದ್ದನ್ನು ನಿಲ್ಲಿಸುವುದು ಜೀವಕ್ಕೆ ಎರವಾದೀತು.

'ಹಾವು ಬರ್ತಾವೇನ್ರಿ ಇದಕ್ಕ?'

ದಟ್ಟ ಬೇಲಿಯ ಬುಡದಲ್ಲಿ ಇಲಿ ಇದ್ದರೆ ಹಾವು ಬರುತ್ತದೆ, ಅದು ಯಾವ ಬೇಲಿಯಾದರೂ ಅಷ್ಟೇ. ಒಂದು ಕುಂಡದ ಗಿಡಕ್ಕೆ ಬರುವುದಿಲ್ಲ. ಹೆಡೆಯ ಆಕಾರ ಕಂಡು ಹುಟ್ಟಿದ ಹೆದರಿಕೆ ಅದು.

ಆರನೇ ಇಯತ್ತೆಯ ಹುಡುಗಿಯೊಬ್ಬಳು ಎದ್ದು, 'ಅಕ್ಕಾರ, ನಮ್ಮನಿಯಾಗ ಕುಂಡ ಇಲ್ರಿ' ಎಂದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತೇನೆ. ಒಡೆದ ಕೊಡದ ಕೆಳಗಿನ ಅರ್ಧ ಸಾಕು, ತಳದಲ್ಲಿ ಮೊಳೆಯಿಂದ ತೂತು ಹಾಕಿಸು. ಬಾಗಿಲ ಹತ್ತಿರದ ಬುಟ್ಟಿಯಲ್ಲಿ ಪೇಪರಿನಲ್ಲಿ ಸುತ್ತಿದ ಇಪ್ಪತ್ತೈದು ಹಲಗೆಗಳಿವೆ, ಸುತ್ತಿದ ಪೇಪರಿನ ಮೇಲೆ ಕತ್ತರಿಸಿದ ತಾರೀಖು ಬರೆದಿದ್ದೇನೆ. ಮನೆಗೊಂದು ಒಯ್ಯಿರಿ. ಅವನ್ನು ಕೊಯ್ದು ನಾಲ್ಕು ದಿನವಾಗಿದೆ, ಇನ್ನೂ ಹತ್ತು ದಿನ ನೆರಳಿನಲ್ಲಿಟ್ಟು ಆಮೇಲೆ ಹಚ್ಚಿ. ಯುಗಾದಿ ಮುಗಿಯುವವರೆಗೆ ಎಳೆದು ನೋಡಬೇಡಿ. ಬಸವ ಜಯಂತಿಯ ಹೊತ್ತಿಗೆ ಮೆಲ್ಲಗೆ ಅಲುಗಿಸಿದಾಗ ಅಲುಗದಿದ್ದರೆ ಬೇರು ಹಿಡಿದಿದೆ ಎಂದು ತಿಳಿಯಿರಿ. ಅವತ್ತು ಮೊದಲ ತಂಬಿಗೆ ನೀರು ಹಾಕಿ.